ಇಬ್ನೆ ಸಫಿ: ನಮ್ಮನ್ನು ಓದುಗರನ್ನಾಗಿ ಮಾಡಿದ ಪತ್ತೇದಾರಿ ಕಾದಂಬರಿಕಾರ

(ಸಂಘದ ವಿದ್ಯಾರ್ಥಿ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಪ್ರತಿವರ್ಷ ಒಬ್ಬ ಮಹನೀಯರ ಬದುಕು ಮತ್ತು ಸಾಧನೆಯನ್ನು ಕುರಿತು ಮಾತನಾಡುವ ರೂಢಿಯಿದೆ. ಸರ್ ಸಯ್ಯದ್ ಅಹ್ಮದ್ ಖಾನ್, ಮೌಲಾನಾ ಆಜಾದ್, ಡಾ. ಜಾಕಿರ್ ಹುಸೇನ್ ಮುಂತಾದವರ ಬಗ್ಗೆ ಹಿರಿಯರು ಆಡಿದ ಒಳ್ಳೆಯ ಮಾತುಗಳನ್ನು ನೀವು ಕೇಳಿದ್ದೀರಿ. ಈ ಸಲ ಕಾರ್ಯದರ್ಶಿಯವರು ಫೋನ್ ಮಾಡಿ, "ಯಾರ ಬಗ್ಗೆ ಮಾತಾಡ್ತೀರಿ ಮಾಸ್ತರೆ?" ಎಂದು ಕೇಳಿದರು. ನಾನು "ಇಬ್ನೆ ಸಫಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಜಾಸೂಸಿ ನಾವೆಲ್ ಬರೀತಿದ್ದರಲ್ಲ, ಅವರಾ?" ಎಂದರು. ಹೌದು, ಅವರೇ ಎಂದೆ. "ಮಕ್ಕಳ ಮುಂದೆ ಬೇಕಾ ಮಾಸ್ತರೆ?" ಎಂದು ಕೇಳಿದರು. ಮಕ್ಕಳ ಮುಂದೆಯೇ ಬೇಕು ಎಂದು ಹಟ ಹಿಡಿದು ಒಪ್ಪಿಸಿ ಬಂದಿದ್ದೇನೆ. ಈ ಲೇಖಕರಿಗೂ ನನ್ನ ಒಬ್ಬ ಹಳೆಯ ವಿದ್ಯಾರ್ಥಿಗೂ ನಾನು ಒಂದು ಸಾಲ ತೀರಿಸಬೇಕಾಗಿದೆ. ಅದು ಯಾವ ಸಾಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಬ್ನೆ ಸಫಿ ಎಂಬುದು ಅವರ ನಿಜವಾದ ಹೆಸರಲ್ಲ. ಅವರ ಹೆಸರು ಅಸ್ರಾರ್ ಅಹ್ಮದ್. ತಂದೆಯ ಹೆಸರು ಸಫಿಯುಲ್ಲಾ. ಇಬ್ನೆ ಸಫಿ ಎಂದರೆ ಸಫಿಯ ಮಗ. ಮುಂದೆ ಲಕ್ಷಾಂತರ ಜನರ ಬಾಯಲ್ಲಿ ಓಡಾಡಿದ ಹೆಸರು ಹೀಗೆ ತಂದೆಯನ್ನು ನೆನೆಯುವ ಸರಳವಾದ ಒಂದು ಹೆಸರು. ಅವರು 1928ರಲ್ಲಿ ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ ಹುಟ್ಟಿದರು. ಆ ಊರು ಈಗ ಕೌಶಾಂಬಿ ಜಿಲ್ಲೆಗೆ ಸೇರಿದೆ. ಅಲಹಾಬಾದ್ ನಗರಕ್ಕೂ 2018ರಿಂದ ಪ್ರಯಾಗರಾಜ್ ಎಂಬ ಹೆಸರಾಗಿದೆ. ಅವರ ಕಾಲದ ಮಾತಾದ್ದರಿಂದ ನಾನು ಅಲಹಾಬಾದ್ ಎಂದೇ ಹೇಳುತ್ತೇನೆ.

ಹುಡುಗನಿಗೆ ಏಳೆಂಟು ವರ್ಷವಾಗಿದ್ದಾಗ ಮನೆಯಲ್ಲಿದ್ದ 'ತಿಲಿಸ್ಮೆ ಹೋಶ್‌ರುಬಾ' ಕೈಗೆ ಸಿಕ್ಕಿತು. ಅದು ಮಾಂತ್ರಿಕರು, ಐಯಾರರು, ಮಾಯಾನಗರಗಳು ತುಂಬಿದ ಉರ್ದುವಿನ ಬೃಹತ್ ಕಥಾಸಾಗರ. ಅದರ ಭಾಷೆ ದೊಡ್ಡವರಿಗೂ ಕಬ್ಬಿಣದ ಕಡಲೆ. ಹುಡುಗನಿಗೆ ಎಷ್ಟು ಅರ್ಥವಾಯಿತೋ ಬಿಟ್ಟಿತೋ, ಕಥೆ ಮಾತ್ರ ಹಿಡಿದು ಕೂರಿಸಿತು. ಒಂದು ಸಲ ಓದಿ ಮುಗಿಸಿದವನು ಮತ್ತೆ ಮತ್ತೆ ಓದಿದ. ಪದದ ಅರ್ಥ ತಿಳಿಯದೆಯೂ ಮಗು ಪುಟ ತಿರುಗಿಸುತ್ತದೆ ಎಂಬ ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದು ಬೇಕಾಗುತ್ತದೆ.

ಏಳನೆಯ ತರಗತಿಯಲ್ಲಿದ್ದಾಗಲೇ ಅವರ ಮೊದಲ ಕಥೆ ಮುಂಬಯಿಯ 'ಶಾಹಿದ್' ಎಂಬ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಕವಿತೆಯ ಗೀಳು ಹಿಡಿಯಿತು. 'ಅಸ್ರಾರ್ ನಾರ್ವಿ' ಎಂಬ ಹೆಸರಿನಲ್ಲಿ ಗಜಲುಗಳನ್ನು ಬರೆದರು. ಕೊನೆಯವರೆಗೂ ಅವರ ಮನಸ್ಸಿನಲ್ಲಿ ತಾವು ಕವಿಯೇ. ಹೊಟ್ಟೆಪಾಡಿಗೆ ಮತ್ತು ಹಟಕ್ಕೆ ಕಾದಂಬರಿಕಾರರಾದರು ಎಂದರೆ ತಪ್ಪಲ್ಲ. ಡಿ.ಎ.ವಿ. ಶಾಲೆಯಲ್ಲಿ ಮೆಟ್ರಿಕ್, ಈವಿಂಗ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಅಲಹಾಬಾದ್ ವಿಶ್ವವಿದ್ಯಾಲಯ ಸೇರಿದ್ದರು. ಅಷ್ಟರಲ್ಲಿ 1947 ಬಂತು. ಗಲಭೆಗಳ ನಡುವೆ ಓದು ನಿಂತುಹೋಯಿತು. ತಂದೆ ಕರಾಚಿಗೆ ಹೋದರು. ಮಗ ತಾಯಿಯೊಡನೆ ಇಲ್ಲೇ ಉಳಿದು ಶಾಲಾ ಮೇಷ್ಟ್ರಾದರು. ಬಿ.ಎ. ಪದವಿಯನ್ನು ಆಮೇಲೆ ಆಗ್ರಾ ವಿಶ್ವವಿದ್ಯಾಲಯದಿಂದ ಪಡೆದರು. ಹೀಗೆ ಅವರು ನಮ್ಮ ವೃತ್ತಿಯವರೂ ಹೌದು, ಇಲ್ಲಿ ಕೂತಿರುವ ಅಧ್ಯಾಪಕರು ಹೆಮ್ಮೆಪಡಬಹುದು.

1948ರಲ್ಲಿ ಅವರ ಗೆಳೆಯ ಅಬ್ಬಾಸ್ ಹುಸೇನಿ ಅಲಹಾಬಾದಿನಲ್ಲಿ 'ನಕ್‌ಹತ್' ಎಂಬ ಪ್ರಕಾಶನ ಆರಂಭಿಸಿದರು. ಆ ಪತ್ರಿಕೆಯ ಕವಿತಾ ವಿಭಾಗವನ್ನು ಅಸ್ರಾರ್ ನೋಡಿಕೊಂಡರು. ಜೊತೆಗೆ 'ತುಗ್ರಲ್ ಫರ್ಗಾನ್' ಮುಂತಾದ ಹೆಸರುಗಳಲ್ಲಿ ಹಾಸ್ಯ, ವಿಡಂಬನೆಗಳನ್ನು ಬರೆದರು. ಯುವ ಲೇಖಕರ ಒಂದು ಗುಂಪೇ ಅಲ್ಲಿ ಸೇರುತ್ತಿತ್ತು. ಒಂದು ದಿನ ಚರ್ಚೆಯಲ್ಲಿ ಯಾರೋ, ಉರ್ದುವಿನಲ್ಲಿ ಈಗ ಅಶ್ಲೀಲ ಸಾಹಿತ್ಯ ಬಿಟ್ಟರೆ ಬೇರೇನೂ ಮಾರಾಟವಾಗುವುದಿಲ್ಲ ಎಂದರಂತೆ. ಅಸ್ರಾರ್ ಅಹ್ಮದ್ ಒಪ್ಪಲಿಲ್ಲ. ಆ ಪ್ರವಾಹವನ್ನು ತಡೆಯಲು ಯಾರೂ ಪ್ರಯತ್ನಿಸಿಲ್ಲ, ಅಷ್ಟೆ, ಎಂಬುದು ಅವರ ವಾದ. ವಾದ ಮಾಡಿ ಸುಮ್ಮನೆ ಮನೆಗೆ ಹೋಗುವವರು ಬಹಳ ಜನ. ಇವರು ಬರೆದು ತೋರಿಸಲು ಕೂತರು. 'ಜಾಸೂಸಿ ದುನಿಯಾ' ಎಂಬ ಮಾಸಿಕ ಮಾಲೆ ಹುಟ್ಟಿತು. 1952ರ ಮಾರ್ಚ್ ತಿಂಗಳಲ್ಲಿ ಅದರ ಮೊದಲ ಕಾದಂಬರಿ 'ದಿಲೇರ್ ಮುಜ್ರಿಮ್' ಹೊರಬಂತು. ಬರೆದವರ ಹೆಸರು: ಇಬ್ನೆ ಸಫಿ, ಬಿ.ಎ.

ಈ ಮೊದಲ ಕಾದಂಬರಿಯ ಎಳೆಯನ್ನು ವಿಕ್ಟರ್ ಗನ್ ಎಂಬ ಇಂಗ್ಲಿಷ್ ಲೇಖಕನಿಂದ ತೆಗೆದುಕೊಂಡದ್ದು. ಅದನ್ನು ಅವರು ಮುಚ್ಚಿಡಲಿಲ್ಲ. ಕೆಲವು ಪುಸ್ತಕಗಳ ಕಥಾವಸ್ತು ಎರವಲು, ಪಾತ್ರಗಳು ಮಾತ್ರ ನನ್ನವು ಎಂದು ಮುಂದೆ ತಾವೇ ಓದುಗರಿಗೆ ತಿಳಿಸಿದರು. ಆದರೆ ಎರವಲು ತಂದ ಎಳೆಯಿಂದ ಅವರು ನೇಯ್ದ ಬಟ್ಟೆ ನೋಡಿ. ಕಥೆ ಆರಂಭವಾಗುವುದು ಸವಿತಾ ದೇವಿ ಎಂಬ ಹೆಂಗಸಿನ ಕೊಲೆಯಿಂದ. ಆಕೆ ತನ್ನ ಗೆಳತಿಯ ಮಗ ಶೌಕತ್‌ನನ್ನು ಸ್ವಂತ ಮಗನಂತೆ ಸಾಕಿದವಳು. ಅವನ ಧರ್ಮ ಅವನಿಗೇ ಇರಲಿ ಎಂದು ಬಿಟ್ಟವಳು. ಅವನು ದೊಡ್ಡವನಾಗಿ ಡಾಕ್ಟರಾಗಿದ್ದಾನೆ. ಕೊಲೆಗಾರನ ಗುರಿ ಅವನು, ಸತ್ತದ್ದು ಆ ತಾಯಿ. ಇದು ದೇಶ ಒಡೆದು ಐದೇ ವರ್ಷವಾಗಿದ್ದಾಗ ಬರೆದದ್ದು. ನೆರೆಮನೆಯವರು ನೆರೆಮನೆಯವರನ್ನು ಅನುಮಾನದಿಂದ ನೋಡುತ್ತಿದ್ದ ದಿನಗಳವು. ಒಂದು ಅಗ್ಗದ ಪತ್ತೇದಾರಿ ಪುಸ್ತಕದ ಮೊದಲ ಪುಟಗಳಲ್ಲಿ ಇಂಥ ತಾಯಿ ಮಗನನ್ನು ತಂದು ನಿಲ್ಲಿಸಿ, ಅದರ ಬಗ್ಗೆ ಒಂದು ಸಾಲಿನ ಭಾಷಣವನ್ನೂ ಮಾಡದೆ ಅವರು ಕೊಲೆಯ ತನಿಖೆಗೆ ಹೊರಟುಬಿಡುತ್ತಾರೆ. ನಾನಾಗಿದ್ದರೆ ಎರಡು ಪುಟ ಭಾಷಣ ಬಿಗಿಯುತ್ತಿದ್ದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತಾಯಿ ಮತ್ತು ತಂಗಿಯೊಡನೆ ಕರಾಚಿಗೆ ಹೋದರು. ಅಲ್ಲಿನ ಲಾಲೂಖೇತ್ ಎಂಬ ವಲಸೆಗಾರರ ಬಡಾವಣೆಯಲ್ಲಿ ಮನೆ ಮಾಡಿದರು. ಊರು ಬದಲಾಯಿತು, ಬರವಣಿಗೆ ನಿಲ್ಲಲಿಲ್ಲ. ಜಾಸೂಸಿ ದುನಿಯಾ ಅಲಹಾಬಾದಿನಲ್ಲಿ ಅಬ್ಬಾಸ್ ಹುಸೇನಿಯವರ ನಕ್‌ಹತ್‌ನಿಂದಲೇ ಪ್ರಕಟವಾಗುತ್ತ ಹೋಯಿತು. 1957ರಲ್ಲಿ ಕರಾಚಿಯಲ್ಲಿ ಅವರು ಸ್ವಂತ 'ಅಸ್ರಾರ್ ಪಬ್ಲಿಕೇಷನ್ಸ್' ಆರಂಭಿಸಿದ ಮೇಲೂ ಅಲಹಾಬಾದಿನ ನಂಟು ಕಡಿಯಲಿಲ್ಲ. ಒಬ್ಬರೇ ಲೇಖಕರು, ಒಂದೇ ಕಥೆ, ಗಡಿಯ ಎರಡೂ ಕಡೆ ಮುದ್ರಣ. ಎರಡು ಸರ್ಕಾರಗಳು ಒಪ್ಪಿಕೊಂಡ ವಿಷಯಗಳು ಬಹಳ ಕಡಿಮೆ. ಆದರೆ ಮುಂದಿನ ಸಂಚಿಕೆ ಯಾವಾಗ ಎಂದು ಕಾಯುವುದರಲ್ಲಿ ಎರಡು ದೇಶಗಳ ಜನ ಒಂದೇ ಆಗಿದ್ದರು.

ಹಿಂದಿಯಲ್ಲೂ ಈ ಮಾಲೆ ಬರುತ್ತಿತ್ತು. ಅಲ್ಲಿ ಕರ್ನಲ್ ಫರೀದಿಯ ಹೆಸರು ವಿನೋದ್ ಎಂದಾಯಿತು. ಅವನ ಜೊತೆಗಾರ ಹಮೀದ್ ಮಾತ್ರ ಹಮೀದನಾಗಿಯೇ ಉಳಿದ. ಹೀಗಾಗಿ ಉತ್ತರ ಭಾರತದ ಎಷ್ಟೋ ಮನೆಗಳಲ್ಲಿ ವಿನೋದ್-ಹಮೀದ್ ಎಂಬುದು ರಾಮ-ಲಕ್ಷ್ಮಣರ ಹಾಗೆ ಬಿಡಿಸಲಾಗದ ಜೋಡಿ ಹೆಸರಾಯಿತು. ಅದು ವ್ಯಾಪಾರದ ಲೆಕ್ಕಾಚಾರವೇ ಇದ್ದಿರಬಹುದು. ಆದರೂ ನನಗೆ ಅದು ಇಷ್ಟ.

ಈಗ ಪಾತ್ರಗಳ ಬಗ್ಗೆ ಎರಡು ಮಾತು. ಹಿಂದಿನ ಸಾಲಿನ ಹುಡುಗರು ಆಗಲೇ ಮುಂದಕ್ಕೆ ಬಾಗುತ್ತಿದ್ದಾರೆ. ಜಾಸೂಸಿ ದುನಿಯಾದ ನಾಯಕ ಅಹ್ಮದ್ ಕಮಾಲ್ ಫರೀದಿ. ನವಾಬರ ಮಗ, ಹಣಕ್ಕೆ ಕೊರತೆಯಿಲ್ಲ. ಪೊಲೀಸ್ ಕೆಲಸ ಅವನಿಗೆ ಸಂಬಳಕ್ಕಲ್ಲ. ಮನೆಯಲ್ಲಿ ಹಾವುಗಳನ್ನೂ ನಾಯಿಗಳನ್ನೂ ಸಾಕಿದ್ದಾನೆ. ಕುಡಿತವಿಲ್ಲ, ಹೆಣ್ಣಿನ ಹುಚ್ಚಿಲ್ಲ, ಬಡ್ತಿಯ ಆಸೆಯೂ ಇಲ್ಲ. ಇಷ್ಟು ಒಳ್ಳೆಯವನನ್ನು ಎಷ್ಟು ಹೊತ್ತು ಸಹಿಸುವುದು? ಇಬ್ನೆ ಸಫಿಯವರಿಗೂ ಇದು ಗೊತ್ತಿತ್ತು. ಆದ್ದರಿಂದಲೇ ಪಕ್ಕದಲ್ಲಿ ಹಮೀದ್ ಇದ್ದಾನೆ. ಅವನು ಸೋಮಾರಿ, ತುಂಟ, ಪೈಪ್ ಸೇದುವವನು, ಒಂದು ಹೋತವನ್ನು ಸಾಕಿಕೊಂಡು ಅದಕ್ಕೆ ಬಗ್ರಾ ಖಾನ್ ಎಂದು ಹೆಸರಿಟ್ಟವನು. ಫರೀದಿ ಅಪರಾಧಿಯ ಬೆನ್ನು ಹತ್ತಿದಾಗ ಓದುಗ ಉಸಿರು ಬಿಗಿ ಹಿಡಿಯುತ್ತಾನೆ. ಹಮೀದ್ ಬಾಯಿ ತೆರೆದಾಗ ಉಸಿರು ಬಿಡುತ್ತಾನೆ. ಇವರಿಬ್ಬರ ನಡುವೆ ಖಾಸಿಂ ಎಂಬ ದೈತ್ಯಾಕಾರದ ಪೆದ್ದು ಶ್ರೀಮಂತ ಬಂದರಂತೂ, ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ ನನ್ನ ಚಾಚಾ ಪುಸ್ತಕ ಕೆಳಗಿಟ್ಟು ನಕ್ಕು ಕಣ್ಣೊರೆಸಿಕೊಂಡೇ ಮುಂದುವರಿಯುತ್ತಿದ್ದರು. ಅಕ್ಷರ ಬಾರದ ನನ್ನ ಅಜ್ಜಿ ಅಡಿಕೆ ಕತ್ತರಿಸುತ್ತ, "ಮುಂದೆ ಏನಾಯ್ತು, ಓದೋ" ಎಂದು ಗದರುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ.

1955ರ ಆಗಸ್ಟ್‌ನಲ್ಲಿ ಎರಡನೆಯ ಮಾಲೆ ಆರಂಭವಾಯಿತು. ಅದೇ ಇಮ್ರಾನ್ ಸೀರೀಸ್. ಮೊದಲ ಕಾದಂಬರಿ 'ಖೌಫ್‌ನಾಕ್ ಇಮಾರತ್', ಅಂದರೆ ಭಯಂಕರ ಕಟ್ಟಡ. ಪಾಳುಬಿದ್ದ ಮನೆಯೊಂದರಲ್ಲಿ ಹೆಣ ಸಿಗುತ್ತದೆ. ಮೈಮೇಲೆ ಸಮಾನ ಅಂತರದ ಮೂರು ಗಾಯಗಳು. ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಫಯಾಜ್ ತಲೆ ಕೆರೆದುಕೊಂಡು ಬರುವುದು ಅಲಿ ಇಮ್ರಾನ್ ಎಂಬ ಯುವಕನ ಬಳಿಗೆ. ಈ ಇಮ್ರಾನ್ ಆಕ್ಸ್‌ಫರ್ಡ್‌ನಲ್ಲಿ ಪಿಎಚ್.ಡಿ. ಮಾಡಿದವನು. ಆದರೆ ಮುಖ ನೋಡಿದರೆ ಶುದ್ಧ ಪೆದ್ದ. ಒಂದಕ್ಕೊಂದು ಹೊಂದದ ಬಣ್ಣದ ಬಟ್ಟೆ ತೊಟ್ಟು, ಚ್ಯೂಯಿಂಗ್ ಗಮ್ ಜಗಿಯುತ್ತ, ಕನ್‌ಫ್ಯೂಷಿಯಸ್ ಹೇಳದ ಮಾತುಗಳನ್ನೆಲ್ಲ ಕನ್‌ಫ್ಯೂಷಿಯಸ್‌ನ ತಲೆಗೆ ಕಟ್ಟುತ್ತಿರುತ್ತಾನೆ. ಗುಪ್ತಚರ ಇಲಾಖೆಯ ಮಹಾನಿರ್ದೇಶಕರಾದ ಅವನ ತಂದೆ ರಹಮಾನ್ ಸಾಹೇಬರು ಇವನು ಕೆಲಸಕ್ಕೆ ಬಾರದವನೆಂದು ಮನೆಯಿಂದಲೇ ಹೊರಗೆ ಹಾಕಿದ್ದಾರೆ. ಆದರೆ ದೇಶದ ರಹಸ್ಯ ಸೇವೆಯ ಮುಖ್ಯಸ್ಥ, ಫೋನಿನಲ್ಲಿ ಗಡಸು ದನಿಯಲ್ಲಿ ಆಜ್ಞೆ ಕೊಡುವ 'ಎಕ್ಸ್-ಟೂ', ಇದೇ ಪೆದ್ದ. ಅವನ ಕೈಕೆಳಗಿನ ಸಿಬ್ಬಂದಿಗೇ ಇದು ತಿಳಿಯದು. ಅವರು ಎಕ್ಸ್-ಟೂಗೆ ನಡುಗುತ್ತಾರೆ, ಇಮ್ರಾನನನ್ನು ಗೇಲಿ ಮಾಡುತ್ತಾರೆ.

ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಈ ಪಾತ್ರ ಏಕೆ ಅಷ್ಟು ಹಿಡಿಸಿತು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಎಲ್ಲರೂ ಪೆದ್ದ ಎನ್ನುವವನೇ ಎಲ್ಲರಿಗಿಂತ ಹೆಚ್ಚು ಬಲ್ಲವನು. ತಂದೆಗೂ ಅದು ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. 1952ರ ಮಾರ್ಚ್‌ನಿಂದ 1960ರವರೆಗೆ ಅವರು ಜಾಸೂಸಿ ದುನಿಯಾಕ್ಕೆ 88, ಇಮ್ರಾನ್ ಮಾಲೆಗೆ 41, ಒಟ್ಟು 129 ಕಾದಂಬರಿ ಬರೆದರು. ತಿಂಗಳಿಗೆ ಒಂದಕ್ಕಿಂತ ಹೆಚ್ಚು. ಸಂಪಾದನೆ, ಪ್ರಕಾಶನ, ಸಂಸಾರ ಎಲ್ಲದರ ಜೊತೆಗೆ. ಬರೆದ ಹಾಳೆ ಒಣಗುವ ಮೊದಲೇ ಮುದ್ರಣಕ್ಕೆ ಹೋಗುವಂಥ ವೇಗ ಅದು. ಇಷ್ಟು ವೇಗಕ್ಕೆ ಬೆಲೆ ತೆರಬೇಕಾಯಿತು. ಮಾನಸಿಕ ಶ್ರಮವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಅದು ವೈದ್ಯರ ವಿಷಯ. 1960ರಲ್ಲಿ ಅವರಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಕಾಣಿಸಿಕೊಂಡಿತು. ಮೂರು ವರ್ಷ ಒಂದು ಸಾಲನ್ನೂ ಬರೆಯಲಾಗಲಿಲ್ಲ.

ಆ ಮೂರು ವರ್ಷಗಳಲ್ಲಿ ಮಾರುಕಟ್ಟೆ ಏನು ಮಾಡಿತು ಎಂದು ಕೇಳಿ. ಅವರ ಹೆಸರನ್ನು ಚೂರುಪಾರು ತಿದ್ದಿ, ಇಬ್ಬನ್ ಸಫಿ, ಎನ್. ಸಫಿ ಎಂದೆಲ್ಲ ಹೆಸರಿಟ್ಟುಕೊಂಡವರು ಅವರದೇ ಪಾತ್ರಗಳನ್ನು ತೆಗೆದುಕೊಂಡು ಪುಸ್ತಕ ಹೊರಡಿಸಿದರು. ಲೇಖಕ ಹಾಸಿಗೆ ಹಿಡಿದಿದ್ದಾರೆ, ಅವರ ಮಕ್ಕಳಂತಿರುವ ಫರೀದಿ, ಇಮ್ರಾನ್ ಬೀದಿಯಲ್ಲಿ ಯಾರದೋ ಕೈಗೆ ಸಿಕ್ಕಿದ್ದಾರೆ. ಅಶ್ಲೀಲತೆಗೆ ಎದುರಾಗಿ ಹುಟ್ಟಿದ ಪಾತ್ರಗಳನ್ನೇ ಕೆಲವರು ಅದಕ್ಕೆ ಬಳಸಿಕೊಂಡರು. ಕೃತಿಚೌರ್ಯದ ಬಗ್ಗೆ ಪಾಠ ಮಾಡುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕರಾಚಿಯ ಹಕೀಂ ಇಕ್ಬಾಲ್ ಹುಸೇನ್ ಅವರ ಚಿಕಿತ್ಸೆಯಲ್ಲಿ, ಮನೆಯವರ ಆರೈಕೆಯಲ್ಲಿ ಅವರು ಗುಣಮುಖರಾದರು. ಪತ್ನಿ ಉಮ್ಮೆ ಸಲ್ಮಾ ಖಾತೂನ್ ಅವರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಮನೆಗಳಲ್ಲಿ ಇಂಥ ಕಾಯಿಲೆಯನ್ನು ಇಂದಿಗೂ ನೆರೆಯವರಿಗೆ ತಿಳಿಯಬಾರದೆಂದು ಬಾಗಿಲು ಹಾಕಿ ಮುಚ್ಚಿಡುತ್ತೇವೆ, ಮದುವೆಯ ಮಾತು ಕೆಟ್ಟೀತೆಂದು ಡಾಕ್ಟರ ಬಳಿಗೂ ಹೋಗುವುದಿಲ್ಲ. ಇಬ್ನೆ ಸಫಿಯವರ ಕಾಯಿಲೆ ಎರಡು ದೇಶಗಳ ಓದುಗರಿಗೆ ಗೊತ್ತಿತ್ತು. ಅವರು ಮರಳಿ ಬಂದು ಇನ್ನೂ 17 ವರ್ಷ ಬರೆದರು.

ಆ ಮರಳಿಕೆಯೂ ಒಂದು ಕಾದಂಬರಿಯಂತೆಯೇ ಇದೆ. 1963ರ ನವೆಂಬರ್ 25ರಂದು ಇಮ್ರಾನ್ ಮಾಲೆಯ 'ಡೇಢ್ ಮತ್‌ವಾಲೆ' ಬಿಡುಗಡೆಯಾಯಿತು. ಭಾರತದಲ್ಲಿ ಅದನ್ನು ಬಿಡುಗಡೆ ಮಾಡಿದವರು ಯಾರು ಗೊತ್ತೆ? ಲಾಲ್ ಬಹಾದುರ್ ಶಾಸ್ತ್ರಿಯವರು. ಕೆಲವೇ ತಿಂಗಳ ಹಿಂದೆ ಕೇಂದ್ರ ಗೃಹಮಂತ್ರಿ ಸ್ಥಾನ ಬಿಟ್ಟಿದ್ದವರು, ಮುಂದಿನ ವರ್ಷ ಪ್ರಧಾನಿಯಾಗಲಿದ್ದವರು. ಅಲಹಾಬಾದಿನ ರಾಜಕಾರಣಿ ಅಲಹಾಬಾದಿನ ಲೇಖಕನ ಪುಸ್ತಕವನ್ನು ಬಿಡುಗಡೆ ಮಾಡಿದರು. ಆ ಲೇಖಕ ಬೇರೆ ದೇಶದವರಾಗಿ 11 ವರ್ಷ ಆಗಿತ್ತು ಎಂಬುದು ಅಡ್ಡಿಯಾಗಲಿಲ್ಲ. ಪ್ರತಿಗಳು ಎಷ್ಟು ಬೇಗ ಮುಗಿದವೆಂದರೆ ಸ್ವಲ್ಪ ದಿನಗಳಲ್ಲೇ ಎರಡನೆಯ ಮುದ್ರಣ ಮಾಡಬೇಕಾಯಿತು. ಅದನ್ನು ಉತ್ತರ ಪ್ರದೇಶದ ಮಂತ್ರಿಯೊಬ್ಬರು ಬಿಡುಗಡೆ ಮಾಡಿದರು. ಪತ್ತೇದಾರಿ ಕಾದಂಬರಿಯ ಎರಡನೆಯ ಮುದ್ರಣಕ್ಕೂ ಮಂತ್ರಿ! ನಮ್ಮ ಕಾರ್ಯದರ್ಶಿಯವರ ಸಂಕೋಚ ಇಷ್ಟು ಹೊತ್ತಿಗೆ ಸ್ವಲ್ಪ ಕಡಿಮೆಯಾಗಿರಬೇಕು.

ಅವರ ಬರವಣಿಗೆಯೆಲ್ಲ ಒಂದೇ ಮಟ್ಟದ್ದೆಂದು ನಾನು ಹೇಳಲಾರೆ. ಜಾಸೂಸಿ ದುನಿಯಾದಲ್ಲಿ 125ರಷ್ಟು, ಇಮ್ರಾನ್ ಮಾಲೆಯಲ್ಲಿ 120ರಷ್ಟು ಪುಸ್ತಕಗಳಿವೆ. ಇಷ್ಟು ಬರೆದವರು ತಮ್ಮನ್ನು ತಾವೇ ನಕಲು ಮಾಡದಿರಲು ಸಾಧ್ಯವಿಲ್ಲ. 'ಜೀರೋಲ್ಯಾಂಡ್' ಎಂಬ ಕಾಣದ ದೇಶದ ಕಥೆಗಳು ಎಳೆದು ಎಳೆದು ಸವೆದುಹೋಗುತ್ತವೆ. ಹೆಣ್ಣುಪಾತ್ರಗಳಲ್ಲಿ ಥೆರೇಸಿಯಾಳಂಥ ಖಳನಾಯಕಿಗೆ ಸಿಕ್ಕಿದ ಜೀವ ಒಳ್ಳೆಯ ಹೆಂಗಸರಿಗೆ ಸಿಕ್ಕಿಲ್ಲ. ಖಳರು ಬಹುಪಾಲು ಪರದೇಶಿಗಳು. ಕೆಟ್ಟದ್ದು ಹೊರಗಿನಿಂದಲೇ ಬರುತ್ತದೆ ಎಂದು ನಂಬಿಬಿಡುವ ಅಪಾಯ ಅದರಲ್ಲಿದೆ. ಆದರೆ 1950ರ ದಶಕದ ಒಳ್ಳೆಯ ಕಾದಂಬರಿಗಳಲ್ಲಿ ಗದ್ಯ ಹರಿಯುವ ರೀತಿ, ಮಾತಿಗೆ ಮಾತು ಕೊಡುವ ಚುರುಕು, ಒಂದೇ ಪುಟದಲ್ಲಿ ಭಯವನ್ನೂ ನಗುವನ್ನೂ ಕೂಡಿಸುವ ಕೈಚಳಕ, ಇವನ್ನು ನಾನು ದೊಡ್ಡ ದೊಡ್ಡ ಸಾಹಿತಿಗಳಲ್ಲೂ ಅಪರೂಪಕ್ಕೆ ಕಂಡಿದ್ದೇನೆ.

ಕಾನೂನಿಗೆ ಗೌರವ ಕೊಡುವುದನ್ನು ಕಲಿಸುವುದೇ ತಮ್ಮ ಉದ್ದೇಶ ಎಂದು ಅವರು ಬರೆದುಕೊಂಡಿದ್ದಾರೆ. ಅವರ ಫರೀದಿ ಎದುರಿಗಿರುವವನು ಎಷ್ಟೇ ದೊಡ್ಡವನಾದರೂ ಬಿಡುವುದಿಲ್ಲ. ಹಾಗೆಂದು ಪುಸ್ತಕ ಉಪದೇಶವಾಗುವುದಿಲ್ಲ. 245ರಷ್ಟು ಕಾದಂಬರಿಗಳಲ್ಲಿ, ಮನೆಮಂದಿಯೆಲ್ಲ ಕೂತಾಗ ಗಟ್ಟಿಯಾಗಿ ಓದಲು ನಾಚಿಕೆಪಡುವಂಥ ಸಾಲು ನನ್ನ ಚಾಚಾನಿಗೆ ಸಿಕ್ಕಿರಲಿಲ್ಲ. ಅಜ್ಜಿಯ ಎದುರಿಗೆ ಓದಬೇಕಾಗಿದ್ದವರಿಗೆ ಇದರ ಬೆಲೆ ಗೊತ್ತು. ಅಲಹಾಬಾದಿನ ಆ ದಿನದ ವಾದದಲ್ಲಿ ಗೆದ್ದವರು ಯಾರೆಂದು ಇನ್ನು ಹೇಳಬೇಕಾಗಿಲ್ಲ.

ಆದರೆ ಉರ್ದು ಸಾಹಿತ್ಯದ ಪಂಡಿತರು ಅವರಿಗೆ ಬಹಳ ಕಾಲ ಮಣೆ ಹಾಕಲಿಲ್ಲ. ಇದನ್ನು ಆ ಕಾಲದ ಹಿನ್ನೆಲೆಯಲ್ಲಿ ನೋಡಬೇಕು. ಉತ್ತರ ಪ್ರದೇಶದಲ್ಲಿ 1951ರ ಕಾಯ್ದೆಯಿಂದ ಹಿಂದಿ ಆಡಳಿತ ಭಾಷೆಯಾಯಿತು. ಶಾಲೆಗಳಲ್ಲಿ, ಕಚೇರಿಗಳಲ್ಲಿ ಉರ್ದುವಿನ ಜಾಗ ಕುಗ್ಗುತ್ತ ಹೋಯಿತು. ಪಂಡಿತರು ಭಾಷೆ ಉಳಿಸಲು ಸಭೆ ನಡೆಸಿದರು, ಠರಾವು ಮಾಡಿದರು. ಅದು ಬೇಕಾದದ್ದೇ. ಆದರೆ ತಿಂಗಳಿಗೊಮ್ಮೆ ಅಂಗಡಿಗೆ ಓಡಿಹೋಗಿ ಉರ್ದು ಅಕ್ಷರವನ್ನು ಆಸೆಯಿಂದ ಓದುವ ಹುಡುಗರನ್ನು ಹುಟ್ಟಿಸಿದವರು ಇಬ್ನೆ ಸಫಿ. ಆ ಮನ್ನಣೆ ತಡವಾಗಿಯಾದರೂ ಬಂತು. ಉರ್ದುವಿನ ಅಗ್ರಗಣ್ಯ ವಿಮರ್ಶಕ ಶಮ್ಸುರ್ರಹ್ಮಾನ್ ಫಾರೂಖಿಯವರು ಡಾಕ್ಟರ್ ಡ್ರೆಡ್ ಎಂಬ ಖಳನ ನಾಲ್ಕು ಕಾದಂಬರಿಗಳನ್ನು ತಾವೇ ಇಂಗ್ಲಿಷಿಗೆ ಅನುವಾದಿಸಿದರು. 2011ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅವನ್ನು ಪ್ರಕಟಿಸಿತು. ಮೀರ್ ತಕಿ ಮೀರ್ ಕವಿಯ ಮೇಲೆ ನಾಲ್ಕು ಸಂಪುಟ ಬರೆದ ವಿದ್ವಾಂಸರು ಜಾಸೂಸಿ ಕಾದಂಬರಿಯನ್ನು ಅನುವಾದಿಸಲು ಕೂತರು ಎಂದರೆ ಅರ್ಥವೇನು ಎಂದು ನೀವೇ ಯೋಚಿಸಿ. ಚಿತ್ರಕಥೆಗಾರ ಜಾವೇದ್ ಅಖ್ತರ್ ಅವರೂ, ಮರೆಯಲಾಗದಂಥ ಖಳಪಾತ್ರಗಳನ್ನು ಕಟ್ಟುವುದನ್ನು ತಾವು ಕಲಿತದ್ದು ಇಬ್ನೆ ಸಫಿಯವರ ಪುಸ್ತಕಗಳಿಂದ ಎಂದು ಬಹಿರಂಗವಾಗಿ ಹೇಳಿದ್ದಾರೆ. 'ಶೋಲೆ'ಯ ಗಬ್ಬರ್ ಸಿಂಗ್‌ನನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಕನ್ನಡದಲ್ಲೂ ಇದೇ ಕಥೆ ನಡೆದಿದೆ. ಎನ್. ನರಸಿಂಹಯ್ಯನವರ ಹೆಸರನ್ನು ಹಿರಿಯರು ಬಲ್ಲಿರಿ. ಅವರ 'ಪತ್ತೇದಾರ ಪುರುಷೋತ್ತಮನ ಸಾಹಸ' ಬಂದದ್ದೂ 1952ರಲ್ಲೇ. ಹೆಚ್ಚು ಶಾಲೆ ಕಲಿಯದ ಆ ಮನುಷ್ಯ 500ಕ್ಕೂ ಹೆಚ್ಚು ಪುಸ್ತಕ ಬರೆದರು. ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅವರ ಪುಸ್ತಕಗಳು ಹರಿದು, ಹೊಲಿದು, ಮತ್ತೆ ಹರಿಯುತ್ತಿದ್ದವು. ಇಂದು ಕನ್ನಡದಲ್ಲಿ ಗಂಭೀರ ಸಾಹಿತ್ಯ ಓದುವ ನನ್ನ ವಯಸ್ಸಿನವರನ್ನು ಕೇಳಿ ನೋಡಿ, ಮೊದಲು ಓದಿನ ರುಚಿ ಹತ್ತಿಸಿದವನು ಪುರುಷೋತ್ತಮನೇ ಎಂದು ಸ್ವಲ್ಪ ನಾಚಿಕೊಂಡು ಒಪ್ಪಿಕೊಳ್ಳುತ್ತಾರೆ. 2011ರಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆಯೂ ಒಂದು ವರ್ಷ ಇಲ್ಲಿ ಯಾರಾದರೂ ಮಾತಾಡಬೇಕು.

ಇನ್ನು ನನ್ನ ಸಾಲದ ವಿಷಯ.

1984ರಲ್ಲಿ ನಾನು ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ. ಉಕ್ತಲೇಖನದಲ್ಲಿ 25ಕ್ಕೆ 6, 7 ಅಂಕ ತೆಗೆಯುತ್ತಿದ್ದವನು. ಒಂದು ದಿನ ಪಾಠದ ನಡುವೆ ಅವನು ಭೂಗೋಳದ ಪುಸ್ತಕದೊಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದುತ್ತಿದ್ದುದು ಕಣ್ಣಿಗೆ ಬಿತ್ತು. ಕಿತ್ತುಕೊಂಡೆ. ಇಮ್ರಾನ್ ಸೀರೀಸ್‌ನ ಒಂದು ಉರ್ದು ಕಾದಂಬರಿ. ರಕ್ಷಾಪುಟದಲ್ಲಿ ಪಿಸ್ತೂಲು, ಒಂದು ಹೆಣ್ಣಿನ ಮುಖ. ಒಳಗೇನಿದೆ ಎಂದು ನನಗೆ ಗೊತ್ತಿತ್ತು. ಅದನ್ನೇ ಕೇಳಿಕೊಂಡು ಬೆಳೆದವನಲ್ಲವೆ ನಾನು? ಆದರೂ ಇಡೀ ತರಗತಿಯ ಎದುರಿಗೆ, ಇಂಥ ಕಸ ಓದುವುದರಿಂದಲೇ ನಿನಗೆ ಕಾಗುಣಿತ ಬರುವುದಿಲ್ಲ ಎಂದು ಬೈದೆ. ಮಕ್ಕಳು ನಕ್ಕರು. ಪುಸ್ತಕವನ್ನು ಸ್ಟಾಫ್ ರೂಮಿನ ನನ್ನ ಬೀರುವಿನಲ್ಲಿ ಹಾಕಿದೆ. ಅವನು ಕೇಳಲು ಬರಲಿಲ್ಲ, ನಾನು ಕೊಡಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸದೆ ಅವನು ಗ್ಯಾರೇಜ್ ಕೆಲಸಕ್ಕೆ ಸೇರಿದ ಎಂದು ಆಮೇಲೆ ಯಾರೋ ಹೇಳಿದರು.

ನಿವೃತ್ತಿಯ ದಿನ ಬೀರು ಖಾಲಿ ಮಾಡುವಾಗ ಆ ಪುಸ್ತಕ ಸಿಕ್ಕಿತು. ಮನೆಗೆ ತಂದು ಕೊನೆಯ ಖಾಲಿ ಹಾಳೆ ತಿರುಗಿಸಿದೆ. ಪೆನ್ಸಿಲಿನಲ್ಲಿ ಬರೆದ ಒಂದು ಪಟ್ಟಿ. ಎಡಗಡೆ ಉರ್ದು ಪದ, ಬಲಗಡೆ ಕನ್ನಡ ಅರ್ಥ. ಸುರಾಗ್, ಸುಳಿವು. ಮುಜ್ರಿಮ್, ಅಪರಾಧಿ. ತಫ್ತೀಶ್, ತನಿಖೆ. ಗವಾಹ್, ಸಾಕ್ಷಿ. ಇತ್ತಿಫಾಕ್ ಎಂಬುದಕ್ಕೆ ಮೊದಲು ಏನೋ ಬರೆದು, ಅಳಿಸಿ, 'ಆಕಸ್ಮೀಕ' ಎಂದು ಬರೆದಿದ್ದಾನೆ. ಕಾಗುಣಿತ ತಪ್ಪು, ಅರ್ಥ ಸರಿ. ಒಟ್ಟು 37 ಪದಗಳು. 'ಅಹ್ಮಕ್' ಎಂಬ ಪದದ ಮುಂದೆ ಅರ್ಥ ಬರೆದಿಲ್ಲ. 'ಇಮ್ರಾನ್, ಆದರೆ ಅಲ್ಲ' ಎಂದು ಬರೆದಿದ್ದಾನೆ.

ನನಗೆ ಆಗ ಹೊಳೆದದ್ದನ್ನು ಅಧ್ಯಾಪಕ ಮಿತ್ರರಿಗೆ ಹೇಳುತ್ತೇನೆ. ಆ ಹುಡುಗನ ಮನೆಮಾತು ನಮ್ಮ ದಖನಿ. ಅಲಹಾಬಾದಿನ ಪುಸ್ತಕದ ಉರ್ದು ಅವನಿಗೆ ಎಷ್ಟು ದೂರವೋ ನಾನು ಕಲಿಸುತ್ತಿದ್ದ ಪಠ್ಯಪುಸ್ತಕದ ಕನ್ನಡವೂ ಅಷ್ಟೇ ದೂರ. ಯಾರೂ ಹೇಳದೆ, ಯಾವ ಪರೀಕ್ಷೆಯೂ ಇಲ್ಲದೆ, ಇಮ್ರಾನನ ಹಿಂದೆ ಓಡುತ್ತ ಅವನು ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿಕೊಳ್ಳುತ್ತಿದ್ದ. ಎಂಟು ವರ್ಷದ ಅಸ್ರಾರ್ ಅಹ್ಮದ್ ತಿಲಿಸ್ಮೆ ಹೋಶ್‌ರುಬಾ ಹಿಡಿದು ಮಾಡಿದ್ದೂ ಇಂಥ ಕೆಲಸವನ್ನೇ. ಅವನ ಪುಸ್ತಕವನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಇಬ್ನೆ ಸಫಿಯವರು 1980ರ ಜುಲೈ 26ರಂದು ಕರಾಚಿಯಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 52. ಕಾಯಿಲೆ ಕೈಕಾಲು ಕಟ್ಟಿಹಾಕಿದಾಗಲೂ ಬರೆಯುತ್ತಿದ್ದರು. ಇಮ್ರಾನ್ ಮಾಲೆಯ 'ಆಖ್ರಿ ಆದ್ಮಿ', ಅಂದರೆ ಕೊನೆಯ ಮನುಷ್ಯ, ಎಂಬ ಕಾದಂಬರಿಯ ಹಸ್ತಪ್ರತಿ ಅವರು ಹೋದಾಗ ಅರ್ಧದಲ್ಲಿತ್ತು. ಪಾಪೋಶ್ ನಗರದ ಖಬರಸ್ಥಾನದಲ್ಲಿ ಅವರ ಸಮಾಧಿಯಿದೆ.

ನಾನು ಇವತ್ತು ಒಂದು ಚೀಲ ತಂದಿದ್ದೇನೆ, ವೇದಿಕೆಯ ಪಕ್ಕದಲ್ಲಿದೆ. ಅದರಲ್ಲಿ ನನ್ನ ಚಾಚಾ ಬಿಟ್ಟುಹೋದ ಜಾಸೂಸಿ ದುನಿಯಾದ 14 ಪುಸ್ತಕಗಳು, ನಾನು ಬೆಂಗಳೂರಿನ ಹಳೆಪುಸ್ತಕದ ಅಂಗಡಿಗಳಲ್ಲಿ ಹುಡುಕಿ ತಂದ ನರಸಿಂಹಯ್ಯನವರ 9 ಪುಸ್ತಕಗಳು ಇವೆ. ಕೆಲವಕ್ಕೆ ರಕ್ಷಾಪುಟವಿಲ್ಲ, ಒಂದಕ್ಕೆ ಕೊನೆಯ ನಾಲ್ಕು ಪುಟವಿಲ್ಲ, ಕೊಲೆಗಾರ ಯಾರೆಂದು ತಿಳಿಯಬೇಕಾದವರು ನನ್ನನ್ನು ಕೇಳಬೇಕು. ಇವನ್ನು ಸಂಘದ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಬೀಗ ಹಾಕುವ ಬೀರುವಿನಲ್ಲಿ ಬೇಡ, ಮಕ್ಕಳ ಕೈಗೆ ಎಟಕುವ ಕೆಳಗಿನ ಹಲಗೆಯಲ್ಲಿಡಿ ಎಂದು ಗ್ರಂಥಪಾಲಕರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಆ ಹುಡುಗನ ಪುಸ್ತಕ ಮಾತ್ರ ಚೀಲದಲ್ಲಿಲ್ಲ. ಅದು ನನ್ನದಲ್ಲವಾದ್ದರಿಂದ ಕೊಡುವ ಹಕ್ಕು ನನಗಿಲ್ಲ. ಅವನಿಗೆ ಈಗ ಐವತ್ತು ದಾಟಿರಬೇಕು. ನಿಮ್ಮಲ್ಲಿ ಯಾರ ಅಪ್ಪನಾದರೂ, ಅಜ್ಜನಾದರೂ ಗ್ಯಾರೇಜ್ ನಡೆಸುತ್ತಿದ್ದು, ಶಾಲೆಯಲ್ಲಿ ಒಬ್ಬ ಕನ್ನಡ ಮೇಷ್ಟ್ರು ಇಮ್ರಾನ್ ಸೀರೀಸ್ ಕಿತ್ತುಕೊಂಡ ಕಥೆ ಹೇಳಿದ್ದರೆ, ನನ್ನ ಮನೆಯ ವಿಳಾಸ ಕಾರ್ಯದರ್ಶಿಯವರ ಬಳಿ ಇದೆ.